ಆಚೆ ದಡದ ಮಾತು

ಜನವರಿ 11

ಅಮ್ಮ,

ಬೇರೆ ಯಾರ ಬಾಯಿಂದಲೋ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡುತ್ತೇನೆ. ದೊಡ್ಡಮ್ಮನ ಮೇಲೆ ದೂರು ಕೊಟ್ಟಿದ್ದೇನೆ. ಬಾಯಿಮಾತಿನಲ್ಲಿ ಅಲ್ಲ. ಬರೆದು, ಸಹಿ ಹಾಕಿ, ಆಸ್ಪತ್ರೆಯ ಆಡಳಿತ ಕಚೇರಿಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದಿದ್ದೇನೆ.

ಇಷ್ಟು ಓದಿ ಕಾಗದ ಮಡಚಿಡಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಅಣ್ಣ ನಿನ್ನ ಕಿವಿಯ ಹತ್ತಿರ ಕೂಗಿ, ಅತ್ತಿಗೆ, ಪುಟ್ಟಿ, ಪಕ್ಕದ ಮನೆಯವರು ಎಲ್ಲರೂ ಕೇಳಿಸಿಕೊಳ್ಳುವ ವಿಷಯವೂ ಇದಲ್ಲ. ಮೂವತ್ತು ವರ್ಷ ಯಂತ್ರಗಳ ಮಧ್ಯೆ ನಿಂತು ನೀನು ಕಿವಿ ಕಳೆದುಕೊಂಡ ಅದೇ ಆಸ್ಪತ್ರೆ ಲಾಂಡ್ರಿಯಲ್ಲಿ ನಡೆದದ್ದು.

ಅಕ್ಟೋಬರಿನಲ್ಲಿ ಹೊಸಬಳೊಬ್ಬಳು ಸೇರಿದಳು ಎಂದು ಬರೆದಿದ್ದೆ. ಹೊಳೆಯ ಆಚೆ ದಡದವಳು ಎಂದು ಬರೆದಿರಲಿಲ್ಲ. ಕೈ ಬಹಳ ಚುರುಕು. ಬಿಸಿ ರೋಲರಿಗೆ ಶೀಟು ಕೊಡುವಾಗ ಎದುರು ತುದಿ ಹಿಡಿದವರು ಚೂರು ತಡವರಿಸಿದರೂ ಸುಕ್ಕು ಬೀಳುತ್ತದೆ, ನಿನಗೆ ಗೊತ್ತು. ಅವಳ ಜೊತೆ ನಿಂತರೆ ಸುಕ್ಕೆಂಬುದೇ ಇಲ್ಲ. ಮಾತು ಮಾತ್ರ ಅವರ ಕಡೆಯದು, ಎಲ್ಲದರ ಕೊನೆಯನ್ನೂ ಎಳೆಯುತ್ತಾಳೆ. "ಅಕ್ಕಾ, ಇದನ್ನ ಎಲ್ಲಿಡಲೀ?" ಪಾಳಿಗೆ ಮುಖ್ಯಸ್ಥೆ ಬೇರೆ, ದೊಡ್ಡಮ್ಮ ಮೊದಲ ದಿನವೇ ಅವಳಿಗೆ ರಬ್ಬರು ಎಂದು ಹೆಸರಿಟ್ಟಳು. "ಬಂತು ನೋಡ್ರೇ ರಬ್ಬರೂ!" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ ಅಮ್ಮ. ಒಂದು ದಿನವಲ್ಲ, ಎರಡು ತಿಂಗಳು.

ಆಮೇಲೆ ಅವಳು ಮಡಚಿಟ್ಟ ಶೀಟನ್ನು ದೊಡ್ಡಮ್ಮ ಎರಡು ಬೆರಳಿನಲ್ಲಿ ಎತ್ತಿ, ಮೂಸಿ, "ಇದನ್ನ ಇನ್ನೊಂದ್ಸಲ ಒಗೀರಿ" ಎನ್ನಲು ಶುರುಮಾಡಿದಳು. ಡಿಸೆಂಬರಿನಲ್ಲಿ ಮೇಲ್ವಿಚಾರಕರ ಎದುರಿಗೇ ಹೇಳಿದಳು: "ಆಪರೇಷನ್ ಬಟ್ಟೆ ಇವಳ ಕೈಗೆ ಕೊಡ್ಬೇಡಿ ಸಾರ್. ಆಚೆ ದಡದೋರಿಗೆ ಚೊಕ್ಕಟ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ." ಮೇಲ್ವಿಚಾರಕರು ಯಾಕೆ, ಏನು ಎಂದು ಕೇಳಲಿಲ್ಲ. ಮಾರನೆಯ ದಿನವೇ ಅವಳನ್ನು ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿದರು. ಹೋದ ವಾರ ವಾರ್ಡಿನಿಂದ ಬಂದ ಮೂಟೆಯಲ್ಲಿ ಯಾರೋ ಬಿಟ್ಟಿದ್ದ ಸೂಜಿ ಕೈಗವಸು ದಾಟಿ ಅವಳ ಹೆಬ್ಬೆರಳಿಗೆ ಹೊಕ್ಕಿತು. ಇನ್ನು ಆರು ತಿಂಗಳು ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕಂತೆ.

ಸುದ್ದಿ ಬಂದಾಗ ದೊಡ್ಡಮ್ಮ ಅಂದಳು, "ಪಾಪ, ಆ ಸೂಜಿಗೇನಾಯ್ತೋ ನೋಡ್ರೇ."

ಆ ದಿನ ನನಗೆ ನಗು ಬರಲಿಲ್ಲ. ಮನೆಗೆ ಬಂದರೆ ಕೂರಲೂ ಆಗಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಬೆಳಿಗ್ಗೆ ಹೋಗಿ ದೂರು ಬರೆದುಕೊಟ್ಟೆ.

ಮಂಡಿ ಈಗ ಹೇಗಿದೆ? ಆಪರೇಷನ್ ಮಾಡಿದ ಡಾಕ್ಟರು ಹೇಳಿದ ಹಾಗೆ ದಿನಾ ನಡೆಯುತ್ತಿದ್ದೀಯಾ?

ನಿನ್ನ ಉತ್ತರಕ್ಕೆ ಹೆದರಿಕೊಂಡೇ ಕಾಯುತ್ತಿರುವ,
ಮಗಳು


ಜನವರಿ 19

ಮಗಳೇ,

ಕಾಗದ ಬಂತು. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು.

ನಿನ್ನ ಬುದ್ಧಿ ಎಲ್ಲಿಗೆ ಹೋಗಿತ್ತು? ನಿಮ್ಮಪ್ಪ ಹೋದಾಗ ನಿನಗೆ ಮೂರು ವರ್ಷ. ನಾನು ಪಾಳಿಗೆ ಹೋದರೆ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಯಾರು? ಗಂಟಲು ಕಟ್ಟಿ ನಿನ್ನ ಮುಖ ನೀಲಿಯಾದಾಗ ಮೂರು ಮಹಡಿ ಹತ್ತಿ, ಊಟಕ್ಕೆ ಕೂತಿದ್ದ ಡಾಕ್ಟರನ್ನು ತೋಳು ಹಿಡಿದು ಎಳೆದುಕೊಂಡು ಬಂದವಳು ಯಾರು? ಅವಳು ನನ್ನ ಒಡಹುಟ್ಟಿದವಳಲ್ಲ, ಒಪ್ಪಿದೆ. ಒಡಹುಟ್ಟಿದವರು ಯಾರೂ ಬರಲಿಲ್ಲವಲ್ಲ.

ಅವಳ ಬಾಯಿ ಸರಿಯಿಲ್ಲ, ನಾನೇನು ಇಲ್ಲವೆನ್ನುವುದಿಲ್ಲ. ಬಾಯಿಂದ ಬಂದದ್ದು ಅಲ್ಲಿಗೇ ಮುಗಿಯಿತು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಇನ್ನೆರಡು ವರ್ಷಕ್ಕೆ ಕೆಲಸ ಮುಗಿಸಿ ಮನೆಗೆ ಹೋಗುವವಳ ಹೆಸರಿಗೆ ನೀನೇ ಮಸಿ ಬಳಿಯುತ್ತೀಯಾ? ನಾಳೆಯೇ ಹೋಗಿ ದೂರು ವಾಪಸ್ ತೆಗೆದುಕೋ. ತಪ್ಪು ತಿಳಿದು ಬರೆದೆ ಎನ್ನು. ಆ ಹುಡುಗಿಗೆ ಆದದ್ದು ಆಯಿತು. ನಿನಗೂ ಅವಳಿಗೂ ಏನು ಸಂಬಂಧ?

ದೂರು ಕೊಟ್ಟ ಮೇಲೆ ದೊಡ್ಡಮ್ಮ ನಿನ್ನ ಹತ್ತಿರ ಏನಾದರೂ ಹೇಳಿದಳಾ? ಹಳೆಯ ಮಾತು ಏನಾದರೂ ತೆಗೆದಳಾ? ಮರೆಯದೆ ಬರೆ.

ಮಂಡಿಯ ಮಾತು ಬಿಡು.

ಅಮ್ಮ


ಫೆಬ್ರವರಿ 2

ಅಮ್ಮ,

ಇಲ್ಲ, ದೊಡ್ಡಮ್ಮ ಹಳೆಯದೂ ಹೇಳಲಿಲ್ಲ, ಹೊಸದೂ ಹೇಳಲಿಲ್ಲ. ನನ್ನನ್ನು ಕಂಡರೆ ಗೋಡೆ ಕಂಡ ಹಾಗೆ ಪಕ್ಕದಲ್ಲಿ ಹಾದು ಹೋಗುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಾಪಸ್ ತೆಗೆದುಕೊಂಡಿಲ್ಲ. ಹದಿನೆಂಟು ಜನರಿರುವ ಲಾಂಡ್ರಿಯಲ್ಲಿ ಈಗ ನನ್ನ ಎದುರು ತುದಿ ಹಿಡಿಯಲು ಯಾರೂ ಬರುವುದಿಲ್ಲ. ಬರಬೇಡಿ ಎಂದು ಯಾರೂ ಹೇಳಿಲ್ಲ. ಎಲ್ಲರಿಗೂ ಒಟ್ಟಿಗೇ ಬೇರೆ ಕೆಲಸ ನೆನಪಾಗುತ್ತದೆ, ಅಷ್ಟೇ. ದಿಂಬಿನ ಚೀಲ, ಟವೆಲು, ಒಬ್ಬರೇ ಮಡಚಬಹುದಾದದ್ದೆಲ್ಲ ನನ್ನ ಪಾಲಿಗೆ ಬಂದಿದೆ. ಸಾಕ್ಷಿ ಹೇಳುತ್ತೀರಾ ಎಂದು ಇಸ್ತ್ರಿಯಣ್ಣನನ್ನು ಕೇಳಿದೆ. "ಮೆಷಿನ್ ಸದ್ದಲ್ಲಿ ನಂಗೇನೂ ಕೇಳ್ಸಲ್ಲಮ್ಮ" ಅಂದ. ಊಟದ ಗಂಟೆ ಮಾತ್ರ ಅವನಿಗೆ ಎಂಥ ಸದ್ದಿನಲ್ಲೂ ಕೇಳಿಸುತ್ತದೆ.

ಅದನ್ನೆಲ್ಲ ತಡೆದುಕೊಂಡೇನು. ಹೊಸಬಳ ಹತ್ತಿರ ಹೋಗಿ, ನಿನಗೋಸ್ಕರ ದೂರು ಕೊಟ್ಟಿದ್ದೇನೆ ಎಂದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಗವಸು ತೆಗೆದು ಮೇಜಿನ ಮೇಲೆ ಬಡಿದಳು.

"ನಿಮ್ಮನ್ನ ಯಾರು ಕೇಳಿದ್ರೂ?"

ನಾನು ಬಾಯಿ ತೆರೆಯುವಷ್ಟರಲ್ಲಿ, "ರಬ್ಬರು ಅಂದಾಗ ನಕ್ಕೋರಲ್ಲಿ ನೀವು ಎಷ್ಟನೇಯೋರು ಅಂತ ನಂಗೆ ಗೊತ್ತೂ. ಈಗ ನಿಮ್ಮ ಮನಸ್ಸಿಗೆ ಸಮಾಧಾನ ಬೇಕಾಯ್ತೂ, ದೂರು ಕೊಟ್ರೀ. ನಾಳೆ ನನ್ನ ಕೆಲಸ ಹೋದ್ರೆ ಮನೇಲಿ ನಾಲ್ಕು ಜನಕ್ಕೆ ನೀವು ಹಾಕ್ತೀರಾ ಅನ್ನಾ?" ಎಂದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂದಿನಿಂದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದೇನೆ. ಕೂತರೆ ಅದೇ ಮಾತು ಕಿವಿಗೆ ಬರುತ್ತದೆ.

ಈ ತಿಂಗಳ ಇಪ್ಪತ್ತೈದಕ್ಕೆ ವಿಚಾರಣೆ.

ಬೈಯುವುದಾದರೂ ಸರಿ, ಬರೆ.
ನಿನ್ನ ಮಗಳು


ಫೆಬ್ರವರಿ 9

ಮಗಳೇ,

ವಿಚಾರಣೆಯಲ್ಲಿ ಹಳಬರ ಹೆಸರು ತೆಗೆಯುತ್ತಾರಾ? ಅವಳ ಜೊತೆ ಕೆಲಸ ಮಾಡಿದವರನ್ನೆಲ್ಲ ಕೇಳುತ್ತಾರಾ? ನನ್ನ ಹೆಸರು ಎಲ್ಲಿಯೂ ಬರಬಾರದು.

ಇನ್ನೂ ಕಾಲ ಮಿಂಚಿಲ್ಲ. ನಿನ್ನ ಕಾಲು ಹಿಡಿಯುತ್ತೇನೆ, ವಾಪಸ್ ತೆಗೆದುಕೋ.

ಅಮ್ಮ


ಫೆಬ್ರವರಿ 27

ಅಮ್ಮ,

ತಾಯಿ ಮಗಳ ಕಾಲು ಹಿಡಿಯುವ ಮಾತನ್ನು ಕಾಗದದಲ್ಲಿ ಬರೆಯಬಾರದಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡೇ ವಿಚಾರಣೆಗೆ ಹೋದೆ.

ಹಿರಿಯ ನರ್ಸು, ಆಡಳಿತಾಧಿಕಾರಿ, ಹೊರಗಿನಿಂದ ಬಂದ ಒಬ್ಬ ವಕೀಲೆ, ಹೀಗೆ ಮೂವರು ಕೂತಿದ್ದರು. ನಾನು ನನ್ನದನ್ನು ಹೇಳಿದೆ, ನಕ್ಕದ್ದನ್ನೂ ಸೇರಿಸಿ. ಇಸ್ತ್ರಿಯಣ್ಣ ತನಗೆ ಕಿವಿಯಿಲ್ಲ ಎಂದ. ಇಷ್ಟಕ್ಕೇ ಮುಗಿಯಿತು ಎಂದುಕೊಂಡಾಗ ಬಾಗಿಲು ತಳ್ಳಿಕೊಂಡು ಹೊಸಬಳು ಬಂದಳು. ಹಿಂದಿನ ದಿನ ಕೇಳಿದಾಗಲೂ ಬರುವುದಿಲ್ಲ ಎಂದಿದ್ದವಳು. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಯಾವ ದಿನ, ಯಾವ ಪಾಳಿ, ಯಾರೆದುರು ಯಾವ ಮಾತು ಎಂದು ನಿಂತುಕೊಂಡೇ ಓದಿದಳು. ತನ್ನ ಧಾಟಿಯಲ್ಲೇ, ಒಂದೊಂದು ಮಾತನ್ನೂ ಎಳೆದು. ಯಾರೂ ನಗಲಿಲ್ಲ.

ದೊಡ್ಡಮ್ಮ, "ತಮಾಷೆಗೆ ಅಂದಿದ್ದಪ್ಪ. ಕೆಲ್ಸದಲ್ಲಿ ನಾಕು ಮಾತು ಬರುತ್ತೆ, ಹೋಗುತ್ತೆ" ಎಂದಳು. ಆಗ ವಕೀಲೆ ಮೆತ್ತಗೆ ಕೇಳಿದರು: "ಆಚೆ ದಡದವರ ಜೊತೆ ಈ ಮೊದಲು ಯಾವಾಗಾದ್ರೂ ಕೆಲಸ ಮಾಡಿದ್ದೀರಾ? ಹತ್ತಿರದವರು ಯಾರಾದ್ರೂ ಇದ್ದಾರಾ? ಇದ್ದರೆ ಹೇಳಿ, ನಿಮ್ಮ ಪರವಾಗೇ ಬರೆದುಕೊಳ್ಳೋಣ."

ದೊಡ್ಡಮ್ಮ ಒಂದೂವರೆ ತಿಂಗಳಲ್ಲಿ ಮೊದಲ ಸಲ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ವಕೀಲೆಯೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ಲೋಟದ ನೀರು ಪೂರ್ತಿ ಕುಡಿದು, "ಇಲ್ಲ. ಯಾರೂ ಇಲ್ಲ" ಎಂದಳು.

ಹೊರಗೆ ಮೆಟ್ಟಿಲ ಹತ್ತಿರ ನನ್ನ ಮೊಣಕೈ ಹಿಡಿದಳು. "ನಿಮ್ಮಮ್ಮನಿಗೆ ಬರಿ. ನಾನು ಬಾಯಿ ಬಿಡ್ಲಿಲ್ಲ ಅಂತ ಬರಿ." ಏನು ದೊಡ್ಡಮ್ಮ ಎಂದು ಕೇಳುವಷ್ಟರಲ್ಲಿ ಇಳಿದು ಹೋಗಿದ್ದಳು.

ಬರೆದಿದ್ದೇನೆ. ಈಗ ನೀನು ಹೇಳು, ಅವಳು ಏನು ಹೇಳಲಿಲ್ಲ?

ಮಗಳು


ಮಾರ್ಚ್ 16

ಅಮ್ಮ,

ಹದಿನೇಳು ದಿನವಾಯಿತು. ಅಣ್ಣನಿಗೆ ಫೋನು ಮಾಡಿದರೆ, "ಆರಾಮಾಗೇ ಇದ್ದಾಳೆ, ಯಾಕೋ ಮಾತು ಕಡಿಮೆ" ಎನ್ನುತ್ತಾನೆ. ದಿನಾ ಪಾಳಿ ಮುಗಿದ ಮೇಲೆ ಅಂಚೆ ಪೆಟ್ಟಿಗೆಗೆ ಕೈ ಹಾಕಿ, ಏನೂ ಇಲ್ಲದಿದ್ದರೂ ಮೂಲೆಮೂಲೆ ತಡಕುತ್ತೇನೆ.

ಏನೇ ಇದ್ದರೂ ಬರೆ. ಏನೂ ಬರೆಯದಿದ್ದರೆ ನಾನು ಊಹಿಸುತ್ತೇನೆ. ನನ್ನ ಊಹೆ ಒಳ್ಳೆಯ ಕಡೆಗೆ ಹೋಗುತ್ತಿಲ್ಲ.

ಮಗಳು


ಮಾರ್ಚ್ 24

ಮಗಳೇ,

ನಾಲ್ಕು ಹಾಳೆ ಹರಿದೆ. ಇದು ಐದನೆಯದು.

ನಾನು ಆಚೆ ದಡದವಳು. ಹುಟ್ಟಿದ್ದೂ ಅಲ್ಲಿಯೇ, ಬೆಳೆದದ್ದೂ ಅಲ್ಲಿಯೇ. ಹತ್ತೊಂಬತ್ತಕ್ಕೆ ನಿಮ್ಮಪ್ಪನ ಹಿಂದೆ ಹೊಳೆ ದಾಟಿ ಬಂದೆ. ಅವರ ಕಡೆಯವರು ನಮ್ಮನ್ನು ಮನೆಯೊಳಗೆ ಕರೆಯಲಿಲ್ಲ. ನಿಮಗೆ ನೆಂಟರೇ ಇಲ್ಲ ಎಂದು ಹೇಳಿಕೊಂಡು ಬಂದದ್ದು ಅದಕ್ಕೇ.

ಲಾಂಡ್ರಿಗೆ ಸೇರಿದ ದಿನ ನಾನು ಒಂದು ಮಾತು ಆಡಿದ್ದೇ ತಡ, ನಿಮ್ಮ ದೊಡ್ಡಮ್ಮನಿಗೆ ಗೊತ್ತಾಗಿಹೋಯಿತು. ಬೇರೆಯವರಿಗೆ ಗೊತ್ತಾಗುವ ಮೊದಲು ನನ್ನನ್ನು ಬಟ್ಟೆ ಒಣಗಿಸುವ ಯಂತ್ರದ ಹಿಂದಕ್ಕೆ ಎಳೆದುಕೊಂಡು ಹೋದಳು. "ಬಾಯಿ ಮುಚ್ಕೊಂಡಿರು. ಕೇಳಿದ್ರೆ ಗಂಟಲು ಕೆಟ್ಟಿದೆ ಅಂತೀನಿ" ಎಂದಳು. ಒಂದು ತಿಂಗಳು ನನ್ನ ಗಂಟಲು ಕೆಟ್ಟೇ ಇತ್ತು. ಆ ತಿಂಗಳು ಊಟದ ಹೊತ್ತಿನಲ್ಲಿ ಅವಳು ನನಗೆ ಮಾತು ಕಲಿಸಿದಳು. "ಸಾಕು ಅನ್ನು. ಸಾಕೂ ಅಲ್ಲ. ಅಲ್ಲೇ ಕತ್ರಿ ಹಾಕು." ಕತ್ತರಿ ಹಾಕುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ ಜ್ವರ ಬಂದು ಬಡಬಡಿಸುವಾಗಲೂ ತಪ್ಪಲಿಲ್ಲ.

ಅವಳಿಲ್ಲದಿದ್ದರೆ ನನ್ನನ್ನು ಆ ಕೆಲಸದಲ್ಲಿ ಒಂದು ವಾರ ಇಟ್ಟುಕೊಳ್ಳುತ್ತಿರಲಿಲ್ಲ. ಇದು ನಿಜ. ಇನ್ನೊಂದು ನಿಜವೂ ಇದೆ. ಆಚೆಯವರನ್ನು ಆಡಿಕೊಂಡಾಗೆಲ್ಲ ಅವಳು ನನ್ನ ಕಡೆ ತಿರುಗಿ, "ನಿನ್ನನ್ನಲ್ಲ ಕಣೇ, ನೀನು ನಮ್ಮೋಳು" ಎಂದು ಪಿಸುಗುಡುತ್ತಿದ್ದಳು. ನಾನು ನಗುತ್ತಿದ್ದೆ. ನೀನು ಎರಡು ತಿಂಗಳು ನಕ್ಕೆನೆಂದು ಬರೆದೆ. ನಾನು ಮೂವತ್ತು ವರ್ಷ ನಕ್ಕಿದ್ದೇನೆ.

ನಿನಗೆ ಐದು ವರ್ಷವಿದ್ದಾಗ ಮನೆಗೊಬ್ಬಳು ಮಾತು ಬಾರದ ಅಜ್ಜಿ ಬಂದಿದ್ದಳು, ನೆನಪಿದೆಯಾ? ಗುರುತಿನವರು ಎಂದಿದ್ದೆ. ಅವಳು ನನ್ನ ಅಮ್ಮ. ಅವಳಿಗೆ ಮಾತು ಬರುತ್ತಿತ್ತು. ಬಸ್ಸಿಳಿದವಳನ್ನು ಕರೆದುಕೊಂಡು ಬರುವಾಗ ದಾರಿಯಲ್ಲೇ ಹೇಳಿದೆ: ಇಲ್ಲಿ ಯಾರ ಮುಂದೆಯೂ ಮಾತಾಡಬೇಡ, ನಿನಗೆ ಮಾತು ಬರುವುದಿಲ್ಲ ಎಂದು ಹೇಳಿಟ್ಟಿದ್ದೇನೆ. ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು. ನಾಲ್ಕು ದಿನ ಇದ್ದಳು. ನಿನ್ನ ತಲೆ ಬಾಚಿದಳು, ಅಣ್ಣನ ಅಂಗಿಗೆ ಗುಂಡಿ ಹೊಲಿದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾವಿಬ್ಬರೇ ಇದ್ದಾಗಲೂ ಒಂದು ಮಾತು ಆಡಲಿಲ್ಲ. ಅಷ್ಟನ್ನು ನಾನು ಹೇಳಿರಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಏನಾದರೂ ಹೇಳುತ್ತಾಳೆ ಎಂದು ನೋಡುತ್ತಾ ನಿಂತಿದ್ದೆ. ಕೈ ಬೀಸಿದಳು, ಅಷ್ಟೇ.

ಮತ್ತೆ ಬರಲಿಲ್ಲ. ಅವಳು ಹೋದಳೆಂದು ತಮ್ಮ ಬರೆದ ಕಾಗದ ಸಿಕ್ಕಾಗ ಮಣ್ಣು ಮಾಡಿ ಹದಿನೈದು ದಿನವಾಗಿತ್ತು. ನಾನು ಉತ್ತರ ಬರೆಯಲಿಲ್ಲ. ಆ ದಿನವೂ ಪಾಳಿಗೆ ಹೋದೆ.

ವಿಚಾರಣೆಯಲ್ಲಿ ದೊಡ್ಡಮ್ಮ ಹೇಳದೆ ಉಳಿಸಿದ್ದು ಇದನ್ನು. ಹೇಳಿದ್ದರೆ ಅವಳು ಬಚಾವಾಗುತ್ತಿದ್ದಳೇನೋ. ಅವಳು ಹೇಳಿಬಿಡುತ್ತಾಳೆಂಬ ಹೆದರಿಕೆಗೇ ನಾನು ನಿನ್ನ ಕಾಲು ಹಿಡಿಯುತ್ತೇನೆಂದು ಬರೆದದ್ದು. ಅವಳು ಹೇಳಲಿಲ್ಲ. ಇಷ್ಟು ದಿನ ನನಗೆ ನಿದ್ದೆ ಬರದಂತೆ ಮಾಡಿದ್ದು ಅದೇ.

ಅಮ್ಮ


ಏಪ್ರಿಲ್ 6

ಅಮ್ಮ,

ಮೂರು ಸಲ ಉತ್ತರ ಬರೆದು ನಾನೂ ಹರಿದೆ. ನಮ್ಮಿಬ್ಬರಿಂದ ಕಾಗದದ ಅಂಗಡಿಯವನಿಗೆ ಒಳ್ಳೆಯ ವ್ಯಾಪಾರ.

ಆ ಅಜ್ಜಿ ನೆನಪಿದ್ದಾಳೆ. ನನ್ನ ಜಡೆಯನ್ನು ಬಹಳ ಬಿಗಿಯಾಗಿ ಹಾಕುತ್ತಿದ್ದಳು. ನೋಯುತ್ತೆ ಎಂದು ಕಿರುಚಿದರೆ ತಕ್ಷಣ ಬಿಚ್ಚಿ ಮೊದಲಿನಿಂದ ಹಾಕುತ್ತಿದ್ದಳು. ಅವಳ ಮುಂದೆ ನಿಂತು ನಾನೂ ಅಣ್ಣನೂ ಮೂಗರ ಹಾಗೆ ಕೈಸನ್ನೆ ಮಾಡಿ ಆಟವಾಡುತ್ತಿದ್ದೆವು. ಅವಳು ನಗುತ್ತಿದ್ದಳು. ನೀನು ಅದನ್ನು ನೋಡುತ್ತಾ ಅಡುಗೆ ಮಾಡುತ್ತಿದ್ದೆ. ಹೇಗೆ ನೋಡಿದೆ ಅಮ್ಮ?

ನಿನ್ನ ಮೇಲೆ ಸಿಟ್ಟಿದೆ. ಸಿಟ್ಟು ಮಾಡಿಕೊಳ್ಳಲು ನಾನು ಯಾರು ಎಂದೂ ಅನಿಸುತ್ತದೆ. ಎರಡೂ ಒಟ್ಟಿಗೇ ಇವೆ. ಮನೆಯ ಎರಡು ಕೋಣೆಗಳ ಮಧ್ಯೆ ನಡೆಯುತ್ತಲೇ ಇರುತ್ತೇನೆ, ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟುವವರೆಗೆ.

ತೀರ್ಪು ಬಂತು. ದೊಡ್ಡಮ್ಮನಿಗೆ ಲಿಖಿತ ಎಚ್ಚರಿಕೆ. ಪಾಳಿಯ ಮುಖ್ಯಸ್ಥೆಯ ಜಾಗದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ವಿಚಾರಿಸದೆ ಜಾಗ ಬದಲಿಸಿದ್ದಕ್ಕೆ ಮೇಲ್ವಿಚಾರಕರಿಗೂ ಎಚ್ಚರಿಕೆ. ಹೊಸಬಳು ಮತ್ತೆ ಆಪರೇಷನ್ ಬಟ್ಟೆಗೆ ಬಂದಿದ್ದಾಳೆ. ಅವಳ ಎರಡನೇ ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲವಂತೆ, ಇನ್ನೂ ಒಂದಿದೆ. ನನ್ನ ಜೊತೆ ರೋಲರಿಗೆ ನಿಲ್ಲುತ್ತಾಳೆ, ಮಾತಾಡುವುದಿಲ್ಲ. ಇಸ್ತ್ರಿಯಣ್ಣನಿಗೆ ಕಿವಿ ವಾಪಸ್ ಬಂದಿದೆ.

ಗೆದ್ದೆ ಎಂದು ಯಾರೋ ಅಂದರು. ಏನನ್ನು ಗೆದ್ದೆನೋ ತಿಳಿಯಲಿಲ್ಲ.

ಮಗಳು


ಏಪ್ರಿಲ್ 15

ಮಗಳೇ,

ಹೇಗೆ ನೋಡಿದೆ ಎಂದು ಕೇಳಿದೆ. ಬೆನ್ನು ತಿರುಗಿಸಿಕೊಂಡು ನೋಡಿದೆ.

ನಿನ್ನೆ ಅಣ್ಣನಿಗೂ ಹೇಳಿದೆ. "ಅದಕ್ಕೇನೀಗ?" ಎಂದು ಎದ್ದು ಹೊರಗೆ ಹೋದ. ಬಂದವನು ನನ್ನ ಕಾಲಿನ ಹತ್ತಿರ ಕೂತು ಮಂಡಿಗೆ ಎಣ್ಣೆ ಹಚ್ಚಿದ. ಅತ್ತಿಗೆಗೆ ಇನ್ನೂ ಹೇಳಿಲ್ಲ, ಅವನೇ ಹೇಳಲಿ.

ದೊಡ್ಡಮ್ಮನಿಗೆ ಬೇರೆಯಾಗಿ ಬರೆದಿದ್ದೇನೆ. ನೀನು ಅವಳನ್ನು ಮಾತಾಡಿಸದೆ ಇರಬೇಡ. ದೂರು ಕೊಟ್ಟದ್ದು ಸರಿ. ಮಾತಾಡಿಸುವುದೂ ಸರಿ.

ಮೇ ಹತ್ತಕ್ಕೆ ಅಲ್ಲಿಗೆ ಬರುತ್ತೇನೆ. ನನ್ನ ಜೊತೆ ಆಚೆ ದಡಕ್ಕೆ ಬರುತ್ತೀಯಾ? ಊರ ಹೆಸರು ಬೇರೆ ಚೀಟಿಯಲ್ಲಿ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಈಗ ಯಾವ ಬಸ್ಸು, ಎಲ್ಲಿ ಇಳಿಯಬೇಕು, ನನಗೆ ಒಂದೂ ತಿಳಿಯದು. ಆ ಹುಡುಗಿಯನ್ನು ಕೇಳು. ಯಾರಿಗೆ ಎಂದು ಕೇಳಿದರೆ ಮುಚ್ಚಿಡಬೇಡ.

ಅಮ್ಮ


ಏಪ್ರಿಲ್ 28

ಅಮ್ಮ,

ಸೋಮವಾರ ದೊಡ್ಡಮ್ಮ ನನ್ನನ್ನು ಉಗ್ರಾಣಕ್ಕೆ ಕರೆಸಿದಳು. ಮೇಜಿನ ಮೇಲೆ ನಿನ್ನ ಕಾಗದ ಒಡೆದು ಇಟ್ಟಿತ್ತು.

"ಕನ್ನಡಕ ಮನೇಲಿ ಬಿಟ್ಬಂದೆ. ಓದು" ಎಂದಳು.

ಕನ್ನಡಕ ಅವಳ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ನಾನು ಕಾಗದ ಎತ್ತಿಕೊಂಡು ಓದಿದೆ. ನೀನು ನನ್ನನ್ನು ಕಾಪಾಡಿದೆ, ನನ್ನ ಮಕ್ಕಳನ್ನು ನೋಡಿಕೊಂಡೆ, ವಿಚಾರಣೆಯಲ್ಲಿ ನಿನಗೆ ತೊಂದರೆಯಾದರೂ ಬಾಯಿ ಬಿಡಲಿಲ್ಲ ಎಂದು ನೀನು ಬರೆದದ್ದನ್ನು ಓದುವಾಗ ಅವಳು ತಲೆಯಾಡಿಸುತ್ತಿದ್ದಳು. 'ಆದರೆ ನೀನು ಅವರನ್ನು ಆಡಿಕೊಂಡಾಗೆಲ್ಲ ಶೀಟಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನಿನ್ನನ್ನಲ್ಲ ಎನ್ನುತ್ತಿದ್ದೆ. ನನ್ನನ್ನೇ ಕಣೇ' ಎಂಬಲ್ಲಿಗೆ ಬಂದಾಗ ತಲೆಯಾಡಿಸುವುದು ನಿಂತಿತು.

"ನಾನು ಕಲಿಸ್ದೇ ಇದ್ದಿದ್ರೆ ಅವಳು ಇಲ್ಲಿ ಬದುಕ್ತಿದ್ಳಾ? ಅದನ್ನ ಬರೆದಿದ್ದಾಳಾ?"

"ಬರೆದಿದ್ದಾಳೆ ದೊಡ್ಡಮ್ಮ."

"ಮತ್ತೆ?"

"ಅದಾದ ಮೇಲೇನೇ ಆದರೆ ಅಂತ ಬರೆದಿರೋದು."

ಅವಳು ದಿಂಬಿನ ಚೀಲ ಎಣಿಸಲು ಶುರುಮಾಡಿದಳು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ ತಪ್ಪಿತು. ತಪ್ಪಾಯಿತು ಎನ್ನಲಿಲ್ಲ. ಅನ್ನುತ್ತಾಳೆಂದು ನಾನೂ ಕಾಯಲಿಲ್ಲ. ಹೊರಡಲು ಎದ್ದಾಗ, "ಇನ್ನೊಂದ್ಸಲ ಓದು" ಎಂದಳು. ಇನ್ನೊಂದು ಸಲ ಓದಿದೆ.

ಇವತ್ತು ಹೊಸಬಳನ್ನು ಕೇಳಿದೆ. ರೋಲರಿನ ಎರಡು ಬದಿಯಲ್ಲಿ ನಿಂತಿದ್ದೆವು. ನಿನ್ನ ಚೀಟಿ ತೋರಿಸಿ, ಈ ಊರಿಗೆ ಹೇಗೆ ಹೋಗುವುದು ಎಂದೆ.

"ಯಾರಿಗೇ?"

"ನಮ್ಮಮ್ಮನಿಗೆ. ಅವಳ ಊರು."

ಅವಳ ಕೈ ನಿಂತಿತು. ಶೀಟು ಸುಕ್ಕಾಗಿ ಒಳಗೆ ಹೋಯಿತು, ಇಬ್ಬರೂ ಎಳೆಯಲಿಲ್ಲ. ನನ್ನ ಮುಖವನ್ನೇ ನೋಡಿದಳು. ಏನಾದರೂ ಅನ್ನುತ್ತಾಳೆ ಎಂದುಕೊಂಡೆ, ಬೈದರೂ ಆಗಲಿ ಎಂದುಕೊಂಡೆ. ಅವಳು ಯಂತ್ರ ನಿಲ್ಲಿಸಿ, ಸುಕ್ಕಾದ ಶೀಟನ್ನು ಹೊರಗೆಳೆದು, ಕೊಡವಿ, ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ಬೆಳಿಗ್ಗೆ ಆರೂವರೆಯ ಬಸ್ಸು. ಸೇತುವೆ ದಾಟಿದ ಮೇಲೆ ಮೂರನೇ ನಿಲ್ದಾಣ. ಇಳಿದು ಎಡಕ್ಕೆ. ನಿನ್ನ ಮಂಡಿಯ ವಿಷಯ ಹೇಳಿದ್ದಕ್ಕೆ, ಮುಂದಿನ ಬಾಗಿಲೇ ವಾಸಿ, ಮೆಟ್ಟಿಲು ತಗ್ಗು ಎಂದಳು. ಅವಳ ಊರು ಅಲ್ಲಿಂದ ಇನ್ನೆರಡು ನಿಲ್ದಾಣವಂತೆ.

"ಅಲ್ಲಿ ಯಾರ ಮನೇಗೇ? ಹೇಳೀ, ನಮ್ಮ ಕಡೆಯೋರಿಗೆ ಗೊತ್ತಿದ್ರೂ ಗೊತ್ತಿರ್ಬಹುದೂ."

"ನಮ್ಮಜ್ಜಿ ಮನೆಗೆ."

"ಅಜ್ಜಿ ಹೆಸರೇನೂ?"

ಯಂತ್ರ ನಿಂತಿತ್ತು, ಸದ್ದಿರಲಿಲ್ಲ. ಕೇಳಿಸಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ನನಗೆ ಗೊತ್ತಿಲ್ಲ ಎಂದೆ.

ಹತ್ತನೇ ತಾರೀಕು ನೀನು ಬರುವವರೆಗೆ ಕಾಯಲಾರೆ. ಈ ಕಾಗದ ತಲುಪಿದ ದಿನವೇ ಬರೆದು ಕಳಿಸು ಅಮ್ಮ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಹೆಸರೊಂದೇ ಸಾಕು.

ನಿನ್ನ ಮಗಳು